ತಾಮನೆ ಯಾವುದು ಅಂತ ಇಂಗ್ಲಿಷಿನವರನ್ನೂ ಕೇಳ್ಬೇಕು

ಕಳೆದ ಪುತ್ತರಿಗೆ, ಅಂದ್ರೆ ನಮ್ಮ ಕೊಡವರ ಸುಗ್ಗಿ ಹಬ್ಬಕ್ಕೆ, ಮೂಲಮನೆಯಾದ ಐನ್‌ಮನೆಗೆ ಹೋಗಿದ್ದಾಗ ನಮ್ಮ ದೊಡ್ಡಪ್ಪ, ಬಲ್ಯಪ್ಪ ಅಂತೀವಿ, ನಡುಮನೆ ನೆಲ್ಲಕ್ಕಿಯಲ್ಲಿ ದೀಪದ ಕೆಳಗೆ ಕೂತು ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗನನ್ನ ಹತ್ತಿರ ಕರೆದು ಕೇಳಿದ್ರು, ಯಾವ ಒಕ್ಕ ಅಂತ, ಅಂದ್ರೆ ಅಪ್ಪನ ಕಡೆಯ ಮನೆತನ. ಅವನು ಹೇಳಿದ. ಅಷ್ಟಕ್ಕೆ ಬಿಡ್ಲಿಲ್ಲ, ತಾಮನೆ ಯಾವುದು ಅಂತ ಮತ್ತೆ ಕೇಳಿದ್ರು, ಅಂದ್ರೆ ಅಮ್ಮನ ತವರು. ಅದನ್ನೂ ಹೇಳಿದ ಮೇಲೇನೇ ಬಲ್ಯಪ್ಪನ ಮುಖದಲ್ಲಿ ಹಾಂ, ಇವನು ಯಾರು ಅಂತ ಗೊತ್ತಾಯ್ತು ಅನ್ನೋ ಒಂದು ಸಮಾಧಾನ ಬಂತು. ಎರಡು ಪ್ರಶ್ನೆ, ಅಷ್ಟೇ. ಈ ಎರಡನೇ ಪ್ರಶ್ನೆ ನಂಗೆ ಒಂದು ವರ್ಷದಿಂದ ಎಷ್ಟು ಉಪಕಾರ ಮಾಡಿದೆ ಅಂತ ಬರೀಲೇಬೇಕು ಅನ್ನಿಸ್ತು, ಅದೂ ಕೊಡವರ ವಂಶಾವಳಿಗೆ ಅಲ್ಲ, ಇಂಗ್ಲಿಷಿನವರದ್ದಕ್ಕೆ.

ನಾನು ಸಿದ್ದಾಪುರ ಕಡೆ ಒಂದು ಎಸ್ಟೇಟಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ. ತೋಟದ ಮೇಲ್ಗಡೆ ಸಿಲ್ವರ್ ಓಕ್ ಮರಗಳ ಮಧ್ಯೆ ಮೂರು ಹಳೇ ಸಮಾಧಿ ಇದೆ, ಎಲ್ಲಾ ದೊರೆಗಳ ಕಾಲದ್ದು. ಹೋದ ವರ್ಷ ಇಂಗ್ಲೆಂಡಿಂದ ವಯಸ್ಸಾದ ಒಬ್ಬ ಹೆಂಗಸು ಮೇಲ್ ಹಾಕಿದ್ರು, ನಮ್ಮ ಮುತ್ತಜ್ಜನ ತಮ್ಮ ಒಬ್ಬ ಕೂರ್ಗಲ್ಲಿ ಕಾಫಿ ತೋಟ ಮಾಡ್ತಿದ್ದ, ಅಲ್ಲೇ ಜ್ವರ ಬಂದು ಸತ್ತ ಅಂತ ಮನೇಲಿ ಹೇಳ್ತಾರೆ, ನಿಮ್ಮಲ್ಲಿರೋ ಕಲ್ಲು ಅವನದ್ದಾ ಒಂದು ಫೋಟೋ ತೆಗೆದು ಕಳಿಸ್ತೀರಾ ಅಂತ.

ಹೋಗಿ ನೋಡಿದ್ರೆ ಕಲ್ಲಿನ ಮೇಲೆ ಬೆರಳು ದಪ್ಪ ಪಾಚಿ. ಕೆಲಸದವನು ತಂತಿ ಬ್ರಷ್ ತಂದಿದ್ದ, ಬೇಡ ಅಂದೆ, ತಂತಿ ಹಾಕಿ ಉಜ್ಜಿದ್ರೆ ಅಕ್ಷರದ ಅಂಚೇ ಹೋಗ್ಬಿಡುತ್ತೆ. ಬರೀ ನೀರು, ಪೇಂಟ್ ಹೊಡೆಯೋ ಮೆತ್ತನೆ ಬ್ರಷ್. ಆದ್ರೂ ಮಧ್ಯಾಹ್ನದ ಬಿಸಿಲಲ್ಲಿ ಒಂದಕ್ಷರ ಕಾಣ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಮನೆಯ ಕ್ಷೌರದ ಕನ್ನಡಿ ತಗೊಂಡು ಹೋಗಿ ಸೂರ್ಯನ ಬೆಳಕನ್ನ ಕಲ್ಲಿಗೆ ಅಡ್ಡಡ್ಡ ಬೀಳೋ ಹಾಗೆ ಹಿಡಿದೆ ನೋಡಿ, ಸಾಲುಗಳು ಒಂದೊಂದಾಗಿ ಎದ್ದು ಬಂದ್ವು. ಹೆಸರು, ಮಧ್ಯದಲ್ಲೊಂದು ವಿಚಿತ್ರ ಹೆಸರು, ಆಮೇಲೆ ಸರ್‌ನೇಮು, ಅದರ ಕೆಳಗೆ ಇಂಥ ಊರಿನ ರೆಕ್ಟರ್, ಅಂದ್ರೆ ಚರ್ಚಿನ ಪಾದ್ರಿ, ರೆವರೆಂಡ್ ಇಂಥವರ ಮೂರನೇ ಮಗ ಅಂತ. ವಯಸ್ಸು 27. ನಂಗೆ ಗಂಟಲು ಕಟ್ಟಿತು. ನನ್ನ ಮಗನಿಗೂ ಅಷ್ಟೇ ವಯಸ್ಸು.

ಈ 'ಮೂರನೇ ಮಗ' ಅನ್ನೋದು ಸುಮ್ನೆ ಕೆತ್ತಿದ್ದಲ್ಲ. ನಮ್ಮಲ್ಲಿ ಜಮ್ಮಾ ಅನ್ನೋ ವಂಶದ ಜಮೀನು ಒಕ್ಕದ ಎಲ್ಲರದ್ದು, ಒಕ್ಕದ ಹಿರಿಯನಾದ ಪಟ್ಟೆದಾರ ನೋಡ್ಕೊಳ್ತಾನೆ ಅಷ್ಟೇ. ಅಲ್ಲಿ ಹಾಗಲ್ಲ. ದೊಡ್ಡ ಮನೆತನಗಳಲ್ಲಿ ಬಿರುದು, ಬಂಗ್ಲೆ, ಭೂಮಿ ಎಲ್ಲಾ ಹಿರಿಮಗನಿಗೇ, ಒಡೆದು ಹಂಚೋ ಹಾಗಿಲ್ಲ, ಹಾಗಾಗಿ ಕಿರಿಯರು ಸೈನ್ಯಕ್ಕೋ ಕಂಪನಿ ಕೆಲಸಕ್ಕೋ ಚರ್ಚಿಗೋ ಹೋಗ್ಬೇಕು. ಚರ್ಚಿನ ಕೆಲಸ ಅಂದ್ರೆ ಭಕ್ತಿ ಒಂದೇ ಅಲ್ಲ, ಅದೊಂದು ಆಸ್ತಿ. ಒಂದು ಊರಿನ ಚರ್ಚಿಗೆ ಪಾದ್ರಿ ಯಾರಾಗ್ಬೇಕು ಅಂತ ಹೇಳೋ ಹಕ್ಕು ಎಷ್ಟೋ ಕಡೆ ಆ ಊರಿನ ಜಮೀನ್ದಾರನ ಕೈಲಿರ್ತಿತ್ತು, ಆ ಹಕ್ಕನ್ನ ಮಾರ್ತಿದ್ರು, ಕೊಳ್ತಿದ್ರು, ಮಗಳ ಮದ್ವೆಗೂ ಕೊಡ್ತಿದ್ರು. ರೆಕ್ಟರ್ ಆದವನಿಗೆ ಊರಿನ ಬೆಳೆಯ ದಶಾಂಶ ಪೂರ್ತಿ, ವಿಕಾರ್ ಆದ್ರೆ ಅದರಲ್ಲಿ ಸಣ್ಣ ಭಾಗ, ಕ್ಯುರೇಟ್ ಅಂದ್ರೆ ಬರೀ ಸಂಬಳದವನು. ಪಾದ್ರಿಗಳು ಮದ್ವೆ ಆಗ್ಬಹುದು ಅಂತ ಅಲ್ಲಿ ಮೊದಲು ಕಾನೂನು ಬಂದಿದ್ದು 1549ರಲ್ಲಿ, ಮಧ್ಯೆ ಮೇರಿ ರಾಣಿ ಕಾಲದಲ್ಲಿ ರದ್ದಾಗಿ ಮತ್ತೆ ಬಂತು, ಅಲ್ಲಿಂದಾಚೆಗೆ ಪಾದ್ರಿ ಮಗ ಪಾದ್ರಿ, ಅವನ ಮಗನೂ ಪಾದ್ರಿ ಅಂತ ಮನೆತನಗಳೇ ಬೆಳೆದ್ವು. ಅವರಲ್ಲೂ ಕೊನೇ ಮಕ್ಕಳಿಗೆ ಏನೂ ಉಳೀತಿರ್ಲಿಲ್ಲ. 1854ರಿಂದಾಚೆ ಇಲ್ಲಿ ಯುರೋಪಿನವರ ಕಾಫಿ ತೋಟ ಶುರುವಾದ ಮೇಲೆ ಅಂಥವರು ಹಡಗು ಹತ್ತಿ ಇಲ್ಲಿಗೆ ಬಂದ್ರು.

ಸರಿ, ನಾನು ಉತ್ಸಾಹದಲ್ಲಿ ಆ ರೆಕ್ಟರ್ ಯಾರು ಅಂತ ನೆಟ್ಟಲ್ಲಿ ಹುಡುಕಿದೆ, ಯಾರೋ ಹಾಕಿದ್ದ ಒಂದು ವಂಶವೃಕ್ಷ ಸಿಕ್ತು, ಹಾಗೇ ನಂಬಿ ಆ ಹೆಂಗಸಿಗೆ ಬರೆದ್ಬಿಟ್ಟೆ. ತಪ್ಪು ಮಾಡಿದೆ. ಅದರ ಪ್ರಕಾರ ಆ ಪಾದ್ರಿ ಒಂದೇ ಊರಲ್ಲಿ ಅರವತ್ತು ವರ್ಷಕ್ಕಿಂತ ಹೆಚ್ಚು ರೆಕ್ಟರ್. ಅವರು ತುಂಬಾ ಮರ್ಯಾದೆಯಿಂದ ಕೇಳಿದ್ರು, ಇದು ಸಾಧ್ಯನಾ ಅಂತ. ಆಮೇಲೆ ಇಬ್ಬರೂ ಕೂತು ಮೊದಲಿಂದ ನೋಡಿದ್ವಿ. 1540ರಿಂದ 1835ರ ತನಕ ಇಂಗ್ಲೆಂಡಿನ ಚರ್ಚಿನಲ್ಲಿ ಯಾರು ಯಾವಾಗ ದೀಕ್ಷೆ ತಗೊಂಡ್ರು, ಎಲ್ಲಿ ನೇಮಕ ಆದ್ರು ಅಂತ ಬಿಷಪ್ ಕಚೇರಿ ದಾಖಲೆಗಳಿಂದ ಎತ್ತಿದ ಒಂದು ಡೇಟಾಬೇಸ್ ಇದೆ, ಫ್ರೀ. 1858ರಿಂದ ಕ್ರಾಕ್‌ಫೋರ್ಡ್ ಅಂತ ಪಾದ್ರಿಗಳ ಡೈರೆಕ್ಟರಿ ಶುರುವಾಯ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಹಳೇ ವಿದ್ಯಾರ್ಥಿಗಳ ಪಟ್ಟಿ ಬೇರೆ. ಇವನ್ನೆಲ್ಲಾ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅವರು ಒಬ್ಬರಲ್ಲ, ಅಪ್ಪ ಮಗ ಇಬ್ಬರು, ಒಂದೇ ಹೆಸರು, ಒಬ್ಬರ ನಂತರ ಒಬ್ಬರು ಅದೇ ಚರ್ಚಿನಲ್ಲಿ.

ಹಾಗಿದ್ರೆ ನಮ್ಮ ತೋಟದಲ್ಲಿ ಮಲಗಿರೋನು ಇಬ್ಬರಲ್ಲಿ ಯಾರ ಮಗ? ಅಲ್ಲಿ ಬಂತು ಬಲ್ಯಪ್ಪನ ಪ್ರಶ್ನೆ. ಕಲ್ಲಿನ ಮೇಲಿದ್ದ ಆ ವಿಚಿತ್ರ ಮಧ್ಯದ ಹೆಸರು ಹೆಸರೇ ಅಲ್ಲ, ಅದೊಂದು ಸರ್‌ನೇಮು. ಇಂಗ್ಲಿಷಿನವರಲ್ಲಿ ಅಮ್ಮನ ತವರಿನ ಸರ್‌ನೇಮನ್ನ ಮಗುವಿಗೆ ಮಧ್ಯದ ಹೆಸರಾಗಿ ಇಡೋದು ತುಂಬಾ ಇತ್ತು. ಅಂದ್ರೆ ತಾಮನೆ ಅಲ್ಲೇ ಕೆತ್ತಿದೆ! ಆ ಸರ್‌ನೇಮಿನ ಹುಡುಗಿಯನ್ನ ಮದ್ವೆ ಆದವನು ಮಗ ಪಾದ್ರಿ, ಮದ್ವೆ ರಿಜಿಸ್ಟರಲ್ಲಿ ಇಬ್ಬರ ಸಹಿಯೂ ಇದೆ. ಮುದುಕ ಪಾದ್ರಿ ಇವನಿಗೆ ಅಜ್ಜ. ಹೂಳಿದ ದಾಖಲೆಯೂ ಸಿಕ್ತು, ಇಲ್ಲಿನ ಚಾಪ್ಲಿನ್‌ಗಳು, ಅಂದ್ರೆ ಸರ್ಕಾರಿ ಪಾದ್ರಿಗಳು, ಮಾಡಿದ ಜ್ಞಾನಸ್ನಾನ, ಮದ್ವೆ, ಶವಸಂಸ್ಕಾರಗಳ ನಕಲು ಲಂಡನ್ನಿಗೆ ಹೋಗ್ತಿತ್ತು, ನಮ್ಮದು ಮದರಾಸು ಸರಣಿಯಲ್ಲಿತ್ತು.

ಅಲ್ಲಿಂದ ನಂಗೆ ಹುಚ್ಚು ಹಿಡೀತು, ಕೊಡಗಿಗೆ ಸಂಬಂಧಪಟ್ಟ ಎಲ್ಲಾ ದೊರೆಗಳ ತಾಮನೆ ಹುಡುಕೋಕೆ ಶುರು ಮಾಡಿದೆ. ನಾವು ಸ್ಕೂಲಲ್ಲಿ ಲಾರ್ಡ್ ಬೆಂಟಿಂಕ್ ಅಂತ ಬಾಯಿಪಾಠ ಮಾಡಿದ್ವಲ್ಲ, 1834ರಲ್ಲಿ ಚಿಕ್ಕವೀರರಾಜನ್ನ ಇಳಿಸಿ ಕೊಡಗನ್ನ ಕಂಪನಿಗೆ ಸೇರಿಸಿಕೊಂಡ ಗವರ್ನರ್ ಜನರಲ್. ಅವನು ಪೋರ್ಟ್‌ಲ್ಯಾಂಡಿನ ಮೂರನೇ ಡ್ಯೂಕ್‌ನ ಎರಡನೇ ಮಗ. ಡ್ಯೂಕ್‌ನ ಕಿರಿಯ ಮಕ್ಕಳಿಗೆ ಮರ್ಯಾದೆಗೆ ಲಾರ್ಡ್ ಅಂತಾರೆ, ಆದ್ರೆ ಆ ಪಟ್ಟ ಅವರದ್ದಲ್ಲ, ಹಾಗಾಗಿ ಸರಿಯಾಗಿ ಹೇಳೋದಾದ್ರೆ ಲಾರ್ಡ್ ವಿಲಿಯಂ, ಲಾರ್ಡ್ ಬೆಂಟಿಂಕ್ ಅಲ್ಲ. ಇವನಿಗೊಬ್ಬ ತಮ್ಮ ಲಾರ್ಡ್ ಚಾರ್ಲ್ಸ್. ಈ ಚಾರ್ಲ್ಸ್ 1815ರಲ್ಲಿ ಬೇರೆಯವನ ಹೆಂಡತಿ ಆನ್ ಅನ್ನೋಳ ಜೊತೆ ಓಡಿಹೋದ, ಡಿವೋರ್ಸಿಗೆ ಆಗ ಪಾರ್ಲಿಮೆಂಟಲ್ಲೇ ಒಂದು ಕಾಯ್ದೆ ಪಾಸ್ ಮಾಡಿಸ್ಬೇಕಿತ್ತು, ಅದೂ ಆಗಿ 1816ರಲ್ಲಿ ಇಬ್ಬರೂ ಮದ್ವೆ ಆದ್ರು.

ಆನ್ ಯಾರ ಮಗಳು ಗೊತ್ತಾ? ರಿಚರ್ಡ್ ವೆಲ್ಲೆಸ್ಲಿದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದನಲ್ಲ, ಅವನೇ. ಆ ಯುದ್ಧದಲ್ಲಿ ನಮ್ಮ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಇಂಗ್ಲಿಷರ ಕಡೆ ನಿಂತಿದ್ದ. ಆದ್ರೆ ಆನ್ ಹುಟ್ಟಿದ್ದು 1788ರಲ್ಲಿ, ಅಪ್ಪ ಅಮ್ಮ ಮದ್ವೆ ಆಗಿದ್ದು 1794ರಲ್ಲಿ. ಆಮೇಲೆ ಮದ್ವೆ ಆದ್ರೂ ಮೊದಲು ಹುಟ್ಟಿದ ಮಕ್ಕಳು ಇಂಗ್ಲೆಂಡ್ ಕಾನೂನಲ್ಲಿ ಸಕ್ರಮ ಆಗ್ತಿರ್ಲಿಲ್ಲ, ಅದು ಬದಲಾಗಿದ್ದು 1926ರಲ್ಲಿ. ಹಾಗಾಗಿ ರಿಚರ್ಡ್ 1842ರಲ್ಲಿ ತೀರಿಕೊಂಡಾಗ ಗಂಡುಮಕ್ಕಳಿದ್ರೂ ಅವನ ಮಾರ್ಕ್ವಿಸ್ ಪದವಿ ಅಲ್ಲೇ ನಿಂತೋಯ್ತು. ಪದವಿ ಹಿಡಿದು ಹೋಗೋ ವಂಶಾವಳಿಯಲ್ಲಿ ಅದು ಖಾಲಿ ಕೊಂಬೆ.

ಆದ್ರೆ ಆನ್ ಮತ್ತು ಚಾರ್ಲ್ಸ್‌ಗೆ ಒಬ್ಬ ಮಗ ಹುಟ್ಟಿದ, ಅವನೂ ಚಾರ್ಲ್ಸ್, ಅವನು ಪಾದ್ರಿ ಆದ. ಆ ಪಾದ್ರಿ ಮಗಳು ಸಿಸಿಲಿಯಾ. ಸಿಸಿಲಿಯಾ ಸ್ಟ್ರಾತ್‌ಮೋರಿನ ಅರ್ಲ್ ಮನೆತನಕ್ಕೆ ಮದ್ವೆ ಆಗಿ ಹೋದ್ಲು, ಅವಳ ಮಗಳು ಎಲಿಜಬೆತ್ ಆರನೇ ಜಾರ್ಜ್ ರಾಜನ ಹೆಂಡತಿ ಆದ್ಲು, ಅವಳ ಮಗಳೇ 2022ರಲ್ಲಿ ತೀರಿಕೊಂಡ ಎರಡನೇ ಎಲಿಜಬೆತ್ ರಾಣಿ. ಇದನ್ನ ಕಾಗದದ ಮೇಲೆ ಬರೆದು ಮುಗಿಸಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ರಾಣಿಯ ತಾಮನೆ, ಅವಳ ಅಮ್ಮನ ತಾಮನೆ ಅಂತ ಹಿಂದೆ ಹಿಂದೆ ಹೋದ್ರೆ ಒಬ್ಬ ಪಾದ್ರಿ, ಅವನಾಚೆ ಟಿಪ್ಪುವನ್ನ ಸೋಲಿಸಿದ ಗವರ್ನರ್ ಜನರಲ್‌ನ ಮಗಳು ಮತ್ತೆ ಕೊಡಗನ್ನ ತಗೊಂಡ ಗವರ್ನರ್ ಜನರಲ್‌ನ ತಮ್ಮ. ಬರೀ ಅಪ್ಪಂದಿರ ಸಾಲು ನೋಡಿದ್ರೆ ಇದ್ಯಾವುದೂ ಸಿಗಲ್ಲ.

ಸರ್‌ನೇಮೂ ನಂಬೋ ಹಾಗಿಲ್ಲ. ರಿಚರ್ಡ್ ವೆಲ್ಲೆಸ್ಲಿಯ ಅಜ್ಜ ಹುಟ್ಟಿನಿಂದ ಕಾಲಿ ಅನ್ನೋ ಸರ್‌ನೇಮಿನವನು. 1728ರಲ್ಲಿ ವೆಸ್ಲಿ ಅನ್ನೋ ನೆಂಟನ ಆಸ್ತಿ ಬಂತು, ಅದರ ಜೊತೆ ಹೆಸರನ್ನೂ ತಗೊಂಡ, ಮೊಮ್ಮಕ್ಕಳ ಕಾಲಕ್ಕೆ ಅದು ವೆಲ್ಲೆಸ್ಲಿ ಆಯ್ತು. ಇದನ್ನ ಓದಿದ ತಕ್ಷಣ ನಂಗೆ ನೆನಪಾಗಿದ್ದು ನಮ್ಮ ಒಕ್ಕ ಪರಿಜೆ. ಗಂಡು ಸಂತಾನ ಇಲ್ಲದ ಒಕ್ಕಕ್ಕೆ ಅಳಿಯ ಬಂದು ಸೇರಿ ಮಕ್ಕಳು ಹೆಂಡತಿಯ ಒಕ್ಕದ ಹೆಸರಲ್ಲೇ ಬೆಳೀತಾರಲ್ಲ, ಮನೆ ದೀಪ ಆರಬಾರದು ಅಂತ. ಅಲ್ಲೂ ಅದೇ ಆಸೆ.

ಇನ್ನೊಂದು ಹೇಳ್ಲೇಬೇಕು, ನಮ್ಮ ಗೌರಮ್ಮ. ಚಿಕ್ಕವೀರರಾಜ 1852ರಲ್ಲಿ ಲಂಡನ್ನಿಗೆ ಕರ್ಕೊಂಡು ಹೋದ ಮಗಳು, ಆಗ ಅವಳಿಗೆ ಹನ್ನೊಂದು ವರ್ಷ. ಅದೇ ವರ್ಷ ವಿಕ್ಟೋರಿಯಾ ರಾಣಿ ಧರ್ಮತಾಯಿ ಆಗಿ ನಿಂತು ಅವಳಿಗೆ ಜ್ಞಾನಸ್ನಾನ ಆಯ್ತು, ಮಾಡಿಸಿದ್ದು ಕ್ಯಾಂಟರ್‌ಬರಿ ಆರ್ಚ್‌ಬಿಷಪ್. ಆ ಆರ್ಚ್‌ಬಿಷಪ್ ಹೆಸರು ಜಾನ್ ಬರ್ಡ್ ಸಮ್ನರ್. ಬರ್ಡ್ ಅಂದ್ರೆ ಏನು ಅಂತ ಈಗ ನೀವೇ ಹೇಳ್ಬಹುದು, ಅಮ್ಮನ ತವರು, ಹ್ಯಾನಾ ಬರ್ಡ್. ಆ ಅಮ್ಮ ಗುಲಾಮರ ವ್ಯಾಪಾರ ನಿಲ್ಲಿಸೋಕೆ ಹೋರಾಡಿದ ವಿಲ್ಬರ್‌ಫೋರ್ಸ್‌ಗೆ ನೆಂಟಳು. ಅಪ್ಪ ಒಬ್ಬ ವಿಕಾರ್, ತಮ್ಮ ವಿಂಚೆಸ್ಟರ್ ಬಿಷಪ್, ಆ ತಮ್ಮನ ಸೊಸೆ ಮೇರಿ 1876ರಲ್ಲಿ ಮದರ್ಸ್ ಯೂನಿಯನ್ ಅನ್ನೋ ಚರ್ಚಿನ ತಾಯಂದಿರ ಸಂಘ ಕಟ್ಟಿದೋಳು. ಪೂರಾ ಪಾದ್ರಿ ಮನೆತನ.

ಗೌರಮ್ಮ 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಮದ್ವೆ ಆದ್ಲು, 1861ರಲ್ಲಿ ಮಗಳು ಈಡಿತ್ ಹುಟ್ಟಿದ್ಲು, 1864ರಲ್ಲಿ ಗೌರಮ್ಮ ಹೋಗೇಬಿಟ್ಲು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಹೂಳಿದ್ದಾರೆ, ಅಪ್ಪ ಅದೇ ಊರಿನ ಕೆನ್ಸಲ್ ಗ್ರೀನಲ್ಲಿ. ನಮ್ಮ ಮದ್ವೆಗಳಲ್ಲಿ ಸಂಬಂಧ ಕೊಡೋ ಶಾಸ್ತ್ರದಲ್ಲಿ ಹನ್ನೆರಡರಲ್ಲಿ ಹನ್ನೊಂದು ಕಲ್ಲು ಗಂಡಿನ ಕಡೆಗೆ ಎಣಿಸಿ ಕೊಟ್ಟು ಒಂದನ್ನ ತವರಲ್ಲೇ ಇಟ್ಕೊಳ್ತಾರೆ, ಹುಡುಗಿಗೆ ವಾಪಸ್ ಬರೋ ದಾರಿ ಇರ್ಲಿ ಅಂತ. ಗೌರಮ್ಮನಿಗೆ ಆ ಕಲ್ಲನ್ನ ಹಿಡ್ಕೊಳ್ಳೋಕೆ ಯಾರಿದ್ರು? ನನ್ನ ನೋಟ್‌ಬುಕ್ಕಲ್ಲಿ ಈಡಿತ್‌ಗೆ ಒಂದು ಪೂರಾ ಪುಟ ಇಟ್ಟಿದ್ದೀನಿ, ಮೇಲೆ ಅಪ್ಪನ ಕಡೆ ಕ್ಯಾಂಪ್‌ಬೆಲ್, ಅದರ ಕೆಳಗೆ ದೊಡ್ಡದಾಗಿ ತಾಮನೆ ಹಾಲೇರಿ, ಅಂದ್ರೆ ಕೊಡಗಿನ ರಾಜರ ಮನೆತನ.

ಆ ಹೆಂಗಸಿಗೆ ಈ ಪದ ಹೇಳ್ಕೊಟ್ಟಿದ್ದೀನಿ, ಈಗ ಮೇಲ್‌ನಲ್ಲಿ ಅವರೇ ತಾಮನೆ ತಾಮನೆ ಅಂತ ಬರೀತಾರೆ. ತೋಟದಲ್ಲಿ ಇನ್ನೂ ಎರಡು ಕಲ್ಲು ಓದೋದಿದೆ, ಮಳೆ ಹಿಡಿದ್ರೆ ಪಾಚಿ ಮತ್ತೆ ಬಂದ್ಬಿಡುತ್ತೆ. ನಿಮ್ಮ ತೋಟದಲ್ಲೂ ಇಂಥದ್ದಿದ್ರೆ ಬೆಳಿಗ್ಗೆ ಬೇಗ ಹೋಗಿ, ಕನ್ನಡಿ ತಗೊಂಡು ಹೋಗಿ, ಮಧ್ಯದ ಹೆಸರನ್ನ ಮಾತ್ರ ಬಿಡ್ಬೇಡಿ.