ಡ್ರಾಪ್‌ಡೌನಿನಲ್ಲಿ ಸಿಗದ ಯಮುನಕ್ಕ

ಮುಂಬೈಯ ಮಲಾಡಿನ ಆಫೀಸಿನಲ್ಲಿ, ಸ್ಟ್ರೀಮಿಂಗ್‌ಗೆ ಹೋಗುವ ಹಳೇ ಕನ್ನಡ ಸಿನಿಮಾಗಳನ್ನು ಟ್ಯಾಗ್ ಮಾಡುವುದು ನನ್ನ ಕೆಲಸ. ಸಿನಿಮಾ ನೋಡಿ ಟೈಮ್‌ಕೋಡ್ ಹಾಕಬೇಕು, 2021ರ ಐಟಿ ನಿಯಮದಂತೆ ಯು, ಯು/ಎ 7+, 13+, 16+, ಎ ಇವುಗಳಲ್ಲಿ ಒಂದನ್ನು ಆರಿಸಬೇಕು, ಚಿತ್ರದಲ್ಲಿ ಏನಿದೆ ಎಂಬ ಡಿಸ್ಕ್ರಿಪ್ಟರ್ ಬರೆದು ಕ್ಯೂಸಿಗೆ, ಅಂದರೆ ಗುಣಮಟ್ಟ ಪರೀಕ್ಷಿಸುವವರಿಗೆ, ಕಳಿಸಬೇಕು. ಟಾರ್ಗೆಟ್ ದಿನಕ್ಕೆ ನಾಲ್ಕು. ನಾಲ್ಕು ಸಿನಿಮಾ ಅಂದರೆ ಒಂಬತ್ತು ತಾಸು. ಎಲ್ಲರೂ 1.5 ಸ್ಪೀಡಿನಲ್ಲೇ ಓಡಿಸುತ್ತಾರೆ, ಅದು ಮ್ಯಾನೇಜರಿಗೂ ಗೊತ್ತು.

ಆ ದಿನ ನನ್ನ ಪಾಲಿಗೆ 'ಘಟಶ್ರಾದ್ಧ' ಬಂತು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದ್ದು, ಸ್ವರ್ಣ ಕಮಲ ಪಡೆದದ್ದು. ಹೆಸರು ಕೇಳಿದ್ದೆ, ನೋಡಿರಲಿಲ್ಲ. ವಿಧವೆ ಯಮುನಕ್ಕ ಬಸಿರಾಗುತ್ತಾಳೆ, ಬದುಕಿರುವ ಮಗಳಿಗೇ ಅಪ್ಪ ಶ್ರಾದ್ಧ ಮಾಡುತ್ತಾನೆ. ನಾನು 'ಮಹಿಳೆಯರ ಅವಹೇಳನ' ಟಿಕ್ ಮಾಡಿದೆ, 'ಜಾತಿ ತಾರತಮ್ಯ' ಟಿಕ್ ಮಾಡಿದೆ. ಎರಡು ಟಿಕ್ ಬಿದ್ದರೆ ಟೂಲ್ ತಾನಾಗಿ ಚಿತ್ರದ ಮೊದಲಿಗೆ ಒಂದು ಎಚ್ಚರಿಕೆ ಕಾರ್ಡ್ ಸೇರಿಸುತ್ತದೆ: ಈ ಚಿತ್ರದಲ್ಲಿ ಅಂದಿನ ಕಾಲದ ತಪ್ಪು ಧೋರಣೆಗಳಿವೆ, ನಾವು ಅವನ್ನು ಒಪ್ಪುವುದಿಲ್ಲ.

ಅದೇ ಶಿಫ್ಟಿನಲ್ಲಿ ಎಂಬತ್ತರ ದಶಕದ ಒಂದು ಕಲರ್ ಚಿತ್ರ. ಹೀರೋ ಕಾಲೇಜು ಹುಡುಗಿಯ ಬೆನ್ನು ಬೀಳುತ್ತಾನೆ, ಬಸ್‌ಸ್ಟಾಪಿನಲ್ಲಿ ಸೆರಗು ಎಳೆಯುತ್ತಾನೆ, ಎದುರು ಮಾತಾಡಿದ್ದಕ್ಕೆ ಕೆನ್ನೆಗೆ ಬಾರಿಸುತ್ತಾನೆ. ಮುಂದಿನ ಸೀನಿನಲ್ಲಿ ಅವಳು ಕೆನ್ನೆ ಸವರಿಕೊಂಡು ನಗುತ್ತಾಳೆ, ಡ್ಯುಯೆಟ್ ಶುರು. ಸೆನ್ಸಾರ್ ಯು ಕೊಟ್ಟಿತ್ತು. ನಾನೂ ಯು ಒತ್ತಿದೆ, 'ಕೌಟುಂಬಿಕ ಮನರಂಜನೆ' ಎಂದು ಬರೆದೆ.

ಗುರುವಾರ, ಪಟ್ಟಿ ಅಂತಿಮವಾಗಿ ಲಾಕ್ ಆಗುವ ಮುಂಚಿನ ಕಾಲ್. ಕ್ಲೈಂಟ್ ಕಡೆಯವರು 'ಘಟಶ್ರಾದ್ಧ'ದ ಸಾಲಿಗೆ ಬಂದು, "ಇದು ಆ ಆಚರಣೆಯನ್ನು ಸಮರ್ಥಿಸುತ್ತದೆಯೇ?" ಎಂದು ಕೇಳಿದರು. ಕಾಲ್‌ನಲ್ಲಿ ಕನ್ನಡ ಬಲ್ಲವರು ಇಬ್ಬರೇ, ನಾನು ಮತ್ತು ಕಾರ್ಕಳ ಕಡೆಯ ಕ್ಯೂಸಿ ಅಕ್ಕ. "ಹಳೇ ಚಿತ್ರ ಸರ್, ಆಗಿನ ಮನಸ್ಥಿತಿ ಹಾಗೇ ಇತ್ತು" ಅಂದೆ. ಹೇಳುವಾಗಲೇ ಗಂಟಲು ಒಣಗಿತ್ತು, ಯಾಕೆಂದರೆ ಕೊನೆಯ ಹತ್ತು ನಿಮಿಷ ನಾನು ಸರಿಯಾಗಿ ನೋಡಿರಲಿಲ್ಲ. ಲೋಕಲ್ ರೈಲು ತಪ್ಪುತ್ತದೆಂದು ಸ್ಪೀಡನ್ನು 2ಕ್ಕೆ ಏರಿಸಿದ್ದೆ.

ಅಕ್ಕ ಅನ್‌ಮ್ಯೂಟ್ ಮಾಡಿ, ಒಂದು ನಿಮಿಷ ಸಮಯ ಕೇಳಿ, ಕೊನೆಯ ದೃಶ್ಯ ಶೇರ್ ಮಾಡಿದರು. ಮಾಮೂಲಿ ಸ್ಪೀಡಿನಲ್ಲಿ. ಹುಡುಗ ನಾಣಿಯನ್ನು ಊರಿಗೆ ಕರೆದೊಯ್ಯುತ್ತಿದ್ದಾರೆ. ದಾರಿಯಲ್ಲಿ ಮರದಡಿ ಯಮುನಕ್ಕ ಕೂತಿದ್ದಾಳೆ, ತಲೆ ಬೋಳು. ಅವಳನ್ನು ಅಕ್ಕ ಎಂದು ಕರೆದ ಹುಡುಗ ಅದನ್ನು ನೋಡುತ್ತಾನೆ. ಕಾಲ್‌ನಲ್ಲಿ ಹನ್ನೊಂದು ಜನ, ಒಬ್ಬರೂ ಮಾತಾಡಲಿಲ್ಲ. ನನ್ನ ಚಾಟ್‌ನಲ್ಲಿ ಅಕ್ಕನ ಒಂದೇ ಸಾಲು: "ಈ ಸಿನಿಮಾ ಬೈಯ್ಯುವುದೇ ಅದನ್ನಲ್ವಾ ಮಾರಾಯ, ನೀನು ಯಾರ ಪರವಾಗಿ ಕ್ಷಮೆ ಕೇಳ್ತಿದ್ದಿ?"

ಆಮೇಲೆ ಕ್ಯಾಂಟೀನಿನಲ್ಲಿ ಹೇಳಿದರು. ಅವರ ಅಜ್ಜನ ಮನೆಯಲ್ಲಿ ಹಾಗೆ ತಲೆ ಬೋಳಿಸಿಕೊಂಡ ದೊಡ್ಡತ್ತೆ ಇದ್ದರಂತೆ, ಕೆಂಪು ಸೀರೆ, ನೆಂಟರು ಬಂದರೆ ಅಡುಗೆಮನೆ ಬಾಗಿಲ ಹಿಂದೆ. ತಿಂಗಳಿಗೊಮ್ಮೆ ಕ್ಷೌರದವನು ಹಿತ್ತಲಿಗೆ ಬರುವಾಗ ಮಕ್ಕಳನ್ನು ಆಚೆ ಓಡಿಸುತ್ತಿದ್ದರಂತೆ. "ಆ ಹುಡುಗನ ಕಣ್ಣು ನನ್ನದೇ" ಅಂದರು. ಅವರ ಚಹಾ ಹಾಗೇ ಆರಿತ್ತು.

ಮ್ಯಾನೇಜ್‌ಮೆಂಟಿನ ಮೇಲೆ ನನಗೆ ಈಗಲೂ ಸಿಟ್ಟಿದೆ. 2020ರ ಜೂನ್‌ನಲ್ಲಿ ಅಮೆರಿಕದ ಸ್ಟ್ರೀಮಿಂಗ್ ಸೇವೆ ಎಚ್‌ಬಿಒ ಮ್ಯಾಕ್ಸ್ 1939ರ 'ಗಾನ್ ವಿತ್ ದ ವಿಂಡ್' ಚಿತ್ರವನ್ನು ತೆಗೆದು, ವಿದ್ವಾಂಸೆಯೊಬ್ಬರ ಪೀಠಿಕೆ ಸೇರಿಸಿ, ಕತ್ತರಿ ಆಡಿಸದೆ ಮತ್ತೆ ಹಾಕಿತು. ಗುಲಾಮಗಿರಿಯ ಕಾಲವನ್ನು ಚೆಂದ ಮಾಡಿ ತೋರಿಸಿದ ಚಿತ್ರಕ್ಕೆ ಆ ಪೀಠಿಕೆ ಬೇಕಿತ್ತು. ಅನ್ಯಾಯ ನೋಡಿ ಸಂಕಟಪಟ್ಟ ಚಿತ್ರಕ್ಕೂ ಅನ್ಯಾಯವನ್ನೇ ತಮಾಷೆ ಮಾಡಿದ ಚಿತ್ರಕ್ಕೂ ನಮ್ಮ ಟೂಲಿನಲ್ಲಿರುವುದು ಒಂದೇ ಡ್ರಾಪ್‌ಡೌನ್. ಆದರೆ ಟಿಕ್ ಮಾಡಿದ್ದು ಟೂಲ್ ಅಲ್ಲ, ನಾನು.

ಯಮುನಕ್ಕನ ಚಿತ್ರಕ್ಕೆ ಬಿದ್ದಿದ್ದ ಕಾರ್ಡ್ ಅಂದೇ ತೆಗೆದೆವು. ಆ ಡ್ಯುಯೆಟ್ ಚಿತ್ರ ಮಾತ್ರ ಅಷ್ಟರಲ್ಲಿ ಯು ಎಂದೇ ಲೈವ್ ಆಗಿತ್ತು. ಕೆನ್ನೆಗೆ ಬಾರಿಸುವ ದೃಶ್ಯದ ಟೈಮ್‌ಕೋಡ್ ಹಾಕಿ, ರೇಟಿಂಗ್ ಬದಲಿಸಿ ಎಂದು ಟಿಕೆಟ್ (ತಿದ್ದುಪಡಿಯ ಕೋರಿಕೆ) ಎತ್ತಿದ್ದೇನೆ. ಪ್ರತಿ ಸೋಮವಾರ ಫಾಲೋಅಪ್ ಕಳಿಸುತ್ತಿದ್ದೇನೆ, ಅಕ್ಕನನ್ನು ಸಿಸಿಯಲ್ಲಿ ಇಟ್ಟು.