ಅರವತ್ತನೇ ನಿಮಿಷದ ಪಟ್ಟಿ

ಮಂಗಳವಾರ, 14 ನವೆಂಬರ್ 2023

ನಾಲ್ಕು ದಿನಗಳಿಂದ ಸತಾಯಿಸುತ್ತಿದ್ದ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ, ಬೇಕಾದುದನ್ನು ಪ್ರತಿಕಾಯದಿಂದ ಪಟ್ಟಿಯಾಗಿ ಕಾಣಿಸುವ ಪರೀಕ್ಷೆ) ಇಂದು ಸಂಜೆ ಕಣ್ಣಿಗೆ ಕಾಣುವಂತೆ ಬಂತು. ಆರು ತಟ್ಟೆಗಳಲ್ಲಿ ಬೆಳೆಸಿದ ಕೋಶಗಳಿಗೆ ಮಿಲಿಲೀಟರಿಗೆ 10 ನ್ಯಾನೊಗ್ರಾಂನಂತೆ, ಉರಿಯೂತದ ಸಂಕೇತ ಸಾರುವ ಪ್ರೋಟೀನಾದ ಟಿಎನ್‌ಎಫ್ ಹಾಕಿ, 0, 5, 15, 30, 60 ಮತ್ತು 120ನೇ ನಿಮಿಷಗಳಲ್ಲಿ ಅವುಗಳನ್ನು ಒಡೆದು, ಐಕಪ್ಪಾಬಿ-ಆಲ್ಫಾ ಎಂಬ ಪ್ರೋಟೀನು ಎಷ್ಟು ಉಳಿದಿದೆಯೆಂದು ನೋಡಬೇಕಿತ್ತು. ಸುಮಾರು 37 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಗುರುತಿನ ಬಳಿ ಮೊದಲ ಸಾಲಿನಲ್ಲಿ ದಟ್ಟವಾದ ಪಟ್ಟಿಯಿದೆ. ಅದು 15ರಲ್ಲಿ ಮಸುಕಾಗಿ, 30ರಲ್ಲಿ ಬಹುತೇಕ ಅಳಿಸಿಹೋಗಿ, 60ರಲ್ಲಿ ಮತ್ತೆ ಮೂಡಿದೆ. ಹೋಲಿಕೆಗೆಂದು ನೋಡುವ, ಪ್ರಮಾಣ ಬದಲಾಗದ ಆಕ್ಟಿನ್ ಪ್ರೋಟೀನಿನ ಪಟ್ಟಿಗಳು ಆರೂ ಸಾಲುಗಳಲ್ಲಿ ಸಮನಾಗಿರುವುದರಿಂದ ಇದು ನನ್ನ ಪಿಪೆಟ್ಟಿನ ಕೈಚಳಕವಲ್ಲ.

ಐಕಪ್ಪಾಬಿ-ಆಲ್ಫಾ ಕಾವಲು ಕಾಯುವುದು ಎನ್‌ಎಫ್-ಕಪ್ಪಾಬಿ ಎಂಬ, ಜೀನುಗಳನ್ನು ಎಬ್ಬಿಸುವ ಪ್ರೋಟೀನನ್ನು. ಅದನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ್ದು, ಬಿ-ಕೋಶಗಳಲ್ಲಿ ಪ್ರತಿಕಾಯದ ಕಪ್ಪಾ ಸರಪಳಿಯ ಜೀನಿಗೆ ಸೇರಿದ, ಅದರ ಕೆಲಸ ಹೆಚ್ಚಿಸುವ ಡಿಎನ್‌ಎ ತುಣುಕಾದ ಎನ್‌ಹಾನ್ಸರನ್ನು ಹಿಡಿದುಕೊಳ್ಳುವ ಪ್ರೋಟೀನಾಗಿ. ಅದು ಹೆಚ್ಚುಕಡಿಮೆ ಎಲ್ಲ ಬಗೆಯ ಕೋಶಗಳಲ್ಲೂ ಇದೆಯೆಂದು ತಿಳಿದ ಮೇಲೂ ಹಳೆಯ ಹೆಸರೇ ಉಳಿಯಿತು. ಸುಮ್ಮನಿರುವ ಕೋಶದಲ್ಲಿ ಐಕಪ್ಪಾಬಿ ಅದನ್ನು ಕೋಶದ್ರವ್ಯದಲ್ಲಿಯೇ ಕಟ್ಟಿಹಾಕಿರುತ್ತದೆ. ಟಿಎನ್‌ಎಫ್ ಕೋಶದ ಹೊರಮೈಯ ಗ್ರಾಹಕವನ್ನು ಮುಟ್ಟಿದೊಡನೆ ಒಳಗಿನ ಕೈನೇಸು ಎಂಬ ಕಿಣ್ವ ಐಕಪ್ಪಾಬಿ-ಆಲ್ಫಾದ 32 ಮತ್ತು 36ನೇ ಸ್ಥಾನದ ಸೆರೀನು ಅಮೈನೋ ಆಮ್ಲಗಳಿಗೆ ಫಾಸ್ಫೇಟು ಅಂಟಿಸುತ್ತದೆ; ಆ ಗುರುತು ಕಂಡು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಸರಪಳಿ ಬಂದು ಸೇರುತ್ತದೆ, ಪ್ರೋಟೀನುಗಳನ್ನು ಒಡೆಯುವ ಯಂತ್ರವಾದ ಪ್ರೋಟಿಯಾಸೋಮು ಐಕಪ್ಪಾಬಿಯನ್ನು ನುಚ್ಚುನೂರು ಮಾಡುತ್ತದೆ, ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರಕ್ಕೆ ನುಗ್ಗಿ ನೂರಾರು ಜೀನುಗಳನ್ನು ಎಬ್ಬಿಸುತ್ತದೆ. ಹಾಗೆ ಮೊದಮೊದಲು ಎಚ್ಚರಗೊಳ್ಳುವ ಜೀನುಗಳಲ್ಲಿ ಐಕಪ್ಪಾಬಿ-ಆಲ್ಫಾದ ಜೀನೂ ಒಂದು. ಬಿಡುಗಡೆಯಾದವನು ಮೊದಲು ಮಾಡುವ ಕೆಲಸವೇ ತನ್ನ ಕಾವಲುಗಾರನನ್ನು ಮತ್ತೆ ಹುಟ್ಟಿಸುವುದು! 60ನೇ ನಿಮಿಷದ ಪಟ್ಟಿ ಆ ಹೊಸ ಕಾವಲುಗಾರನದು.

ಆದರೆ ಈ ಪಟ್ಟಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೊಂದು ಸಾಲಿನಲ್ಲೂ ಲಕ್ಷಾಂತರ ಕೋಶಗಳ ಸಾರ ಬೆರೆತಿದೆ. ಟಿಎನ್‌ಎಫ್ ಇದ್ದಷ್ಟು ಹೊತ್ತೂ ಒಂದೊಂದು ಕೋಶದೊಳಗೆ ಎನ್‌ಎಫ್-ಕಪ್ಪಾಬಿ ಸುಮಾರು 100 ನಿಮಿಷಕ್ಕೊಮ್ಮೆ ಕೇಂದ್ರಕ್ಕೆ ಹೋಗಿ ಹೊರಬರುತ್ತಿರುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ಅನಂತರ ತಾಳ ತಪ್ಪಿ ಸರಾಸರಿಯಲ್ಲಿ ಏರಿಳಿತವೇ ಕರಗಿಹೋಗುತ್ತದೆ. 120ರ ಸಾಲು ಶಾಂತವಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಜೀನನ್ನು ದೀಪದ ಸ್ವಿಚ್ಚಿಗೆ ಹೋಲಿಸುವ ರೂಢಿ ನನಗೆ ಹಿಡಿಸದಿರುವುದು ಇದಕ್ಕೇ: ಸಂಕೇತ ಬಂತೇ ಎನ್ನುವುದರ ಜೊತೆಗೆ ಎಷ್ಟು ಹೊತ್ತು ಉಳಿಯಿತು ಎನ್ನುವುದನ್ನೂ ಕೋಶ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕೆಲವು ಜೀನುಗಳು ಕ್ಷಣಿಕ ಪ್ರಚೋದನೆಗೇ ಓಗೊಟ್ಟರೆ ಮತ್ತೆ ಕೆಲವು ಅದು ದೀರ್ಘವಾದಾಗ ಮಾತ್ರ ಅಲುಗುತ್ತವೆ.

ಇಂದಿನ ಸೋಲನ್ನೂ ಬರೆದಿಡಬೇಕು. ಫಾಸ್ಫೇಟು ಅಂಟಿದ ಐಕಪ್ಪಾಬಿಯನ್ನು ಮಾತ್ರ ಹಿಡಿಯುವ ಪ್ರತಿಕಾಯದಿಂದ ನೋಡಿದ ಎರಡನೆಯ ಬ್ಲಾಟ್ ಪೂರ್ತಿ ಖಾಲಿ. ಕೋಶ ಒಡೆಯುವ ಬಫರ್ ದ್ರಾವಣಕ್ಕೆ ಫಾಸ್ಫಟೇಸು (ಫಾಸ್ಫೇಟನ್ನು ಕಿತ್ತುಹಾಕುವ ಕಿಣ್ವ) ತಡೆಯುವ ಮಿಶ್ರಣ ಸೇರಿಸುವುದನ್ನು ನಾನೇ ಮರೆತಿದ್ದೆ. ಅದರ ಸೀಸೆ ಇನ್ನೂ ಮುಚ್ಚಳ ತೆರೆಯದೆ ಐಸಿನಲ್ಲೇ ಕುಳಿತಿತ್ತು. ಅದನ್ನು ಹಾಕಿದ್ದರೂ ಆ ರೂಪ ಹುಟ್ಟಿದ ಬೆನ್ನಿಗೇ ನಾಶವಾಗುವುದರಿಂದ ಸಿಗುವುದು ಸ್ವಲ್ಪವೇ. ಹಾಗಾಗಿ ನಾಳೆ ಟಿಎನ್‌ಎಫ್‌ಗೆ ಅರ್ಧ ಗಂಟೆ ಮುಂಚೆ ಪ್ರೋಟಿಯಾಸೋಮನ್ನು ತಡೆಯುವ ಎಂಜಿ132 ಹಾಕಿ, 5 ಮತ್ತು 15ನೇ ನಿಮಿಷಗಳನ್ನಷ್ಟೇ ಮತ್ತೆ ನೋಡುತ್ತೇನೆ. ತಟ್ಟೆಗಳನ್ನು ಈಗಲೇ ಇನ್‌ಕ್ಯುಬೇಟರಿನಲ್ಲಿ ಇಟ್ಟು ಬಂದಿದ್ದೇನೆ.