ನಿಕ್ ಡ್ರೇಕ್‌ನ ‘ಪಿಂಕ್ ಮೂನ್’: ಮೊದಲ ಬದಿ ಮುಗಿದಿದೆ, ಶ್ರುತಿ ನಿಂತಿದೆ

ಇಂಗ್ಲಿಷ್ ಗಾಯಕ, ಗಿಟಾರ್ ವಾದಕ ನಿಕ್ ಡ್ರೇಕ್‌ನ ಈ ಆಲ್ಬಮ್ಮನ್ನು ಕೇಳುತ್ತ ಗಿಟಾರಿನಲ್ಲಿ ಕಲಿಯುವ ಕೆಲಸದ ಇಲ್ಲಿಯವರೆಗಿನ ಲೆಕ್ಕ: ಎಲ್‌ಪಿ ತಟ್ಟೆಯ ಮೊದಲ ಬದಿಯ ಆರು ಹಾಡುಗಳ ಆಲಿಕೆ ಮುಗಿದಿದೆ. ಶೀರ್ಷಿಕೆ ಹಾಡಿನ ಶ್ರುತಿ ಗಿಟಾರಿನ ಮೇಲೆ ಅಲುಗದೆ ನಿಂತಿದೆ. ಎರಡನೇ ಬದಿಯ ಐದರಲ್ಲಿ ‘ನೋ’ (Know) ಒಂದೇ ಕೈಗೆ ಸಿಕ್ಕಿರುವುದು.

ಆಲ್ಬಮ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. 1971ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನೀಕ್ಸ್ ಸ್ಟುಡಿಯೋದಲ್ಲಿ, ಎರಡೇ ರಾತ್ರಿಗಳಲ್ಲಿ ಇದರ ರೆಕಾರ್ಡಿಂಗ್ ನಡೆಯಿತು. ಹಾಡುವವನು ಡ್ರೇಕ್, ಮೇಜಿನ ಹಿಂದೆ ಎಂಜಿನಿಯರ್ ಜಾನ್ ವುಡ್. ಐಲೆಂಡ್ ಕಂಪನಿ 1972ರ ಫೆಬ್ರವರಿಯಲ್ಲಿ ಹೊರತಂದಿತು. ಹನ್ನೊಂದು ಹಾಡು, ಒಟ್ಟು 28 ನಿಮಿಷ. ಹಿಂದಿನ ಎರಡು ಆಲ್ಬಮ್‌ಗಳಲ್ಲಿದ್ದ ಪಿಟೀಲು ಮೇಳ, ಡ್ರಮ್ಸ್ ಯಾವುದೂ ಇಲ್ಲಿಲ್ಲ. ಆಗ ಕೊಂಡವರು ತೀರಾ ಕಡಿಮೆ. 1974ರ ನವೆಂಬರ್‌ನಲ್ಲಿ, 26ರ ವಯಸ್ಸಿಗೇ ಡ್ರೇಕ್ ತೀರಿಕೊಂಡ. ಎಷ್ಟೋ ವರ್ಷಗಳ ನಂತರ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲಿ ಶೀರ್ಷಿಕೆ ಹಾಡು ಬಂದಾಗ ಹೊಸ ಕೇಳುಗರು ಇನ್ನಷ್ಟು ಮಂದಿ ಹುಡುಕಿಕೊಂಡು ಬಂದರು.

ಕೇಳುವಾಗ ಮೊಬೈಲಿನ ಸ್ಪೀಕರ್ ಬೇಡವೇ ಬೇಡ. ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿದ ಮೇಲೆ ಶೀರ್ಷಿಕೆ ಹಾಡಿನ ಅತಿ ಕೆಳಗಿನ ಸ್ವರ ಸುಮಾರು 73 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರ್ ಅದನ್ನು ನುಂಗಿಬಿಡುತ್ತದೆ. ದಪ್ಪ ತಂತಿಗಳನ್ನು ಮೀಟುವ ಹೆಬ್ಬೆರಳ ಕೆಲಸ ಅರ್ಧ ಮಾಯವಾಗಿ, ಹಾಡು ತೆಳ್ಳಗಾಗಿ, ಬರೀ ದುಃಖದ ದನಿಯೊಂದು ಉಳಿಯುತ್ತದೆ. ತಂತಿಯಿರುವ ಸಾಧಾರಣ ಹೆಡ್‌ಫೋನ್ ಸಾಕು. ಶಫಲ್ ಆಫ್ ಮಾಡಿ, ಈಕ್ವಲೈಜರ್ ತೆಗೆದುಹಾಕಿ. ಮೊದಲ ಸಲ ಗಿಟಾರನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ದನಿಯನ್ನು. ಎರಡನ್ನೂ ಒಟ್ಟಿಗೆ ಹಿಡಿಯಲು ಹೋದರೆ ದನಿಯೇ ಗೆಲ್ಲುತ್ತದೆ.

ಇನ್ನು ಶ್ರುತಿ. ಶೀರ್ಷಿಕೆ ಹಾಡಿಗೆ ದಪ್ಪ ತಂತಿಯಿಂದ ಸಣ್ಣದಕ್ಕೆ ಸಿ, ಜಿ, ಸಿ, ಎಫ್, ಸಿ, ಇ. ಕೇಪೋ ಎರಡನೇ ಫ್ರೆಟ್ಟಿಗೆ (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ). ಸಿ ಸ್ವರವನ್ನು ಷಡ್ಜ ಅಂದುಕೊಂಡರೆ ಇದು ಸ ಪ ಸ ಮ ಸ ಗ. ಕೆಳಗಿನ ಮೂರು ತಂತಿ ತಂಬೂರಿಯ ಹಾಗೆ ಸ-ಪ-ಸ ಹಿಡಿದಿರುತ್ತವೆ. ಮೇಲೆ ಶುದ್ಧ ಮಧ್ಯಮವೂ ಅಂತರ ಗಾಂಧಾರವೂ ಎರಡೂ ತೆರೆದೇ ಮೊಳಗುತ್ತವೆ. ಮೂರನೇ ತಂತಿಯನ್ನು (ತಂತಿಗಳ ಎಣಿಕೆ ಸಣ್ಣದರಿಂದ ದಪ್ಪದ ಕಡೆಗೆ) ಕೇಪೋದಿಂದ ಮುಂದಿನ ಎರಡನೇ ಫ್ರೆಟ್ಟಿನಲ್ಲಿ ಒತ್ತಿದರೆ ಮ ಹೋಗಿ ಪ ಬರುತ್ತದೆ, ಇಡೀ ಗಿಟಾರ್ ತಿಳಿಯಾದ ಮೇಜರ್ ಕಾರ್ಡ್ ಆಗುತ್ತದೆ. ಬೆರಳೆತ್ತಿದ ಕೂಡಲೇ ಮ ಮತ್ತೆ ಗ-ಕ್ಕೆ ತಾಗುತ್ತದೆ, ನಾದ ತುಸು ಕದಡುತ್ತದೆ. ಮೊದಲು ಈ ಒಂದು ಬೆರಳನ್ನೇ ಇಟ್ಟು, ಎತ್ತಿ ಕೇಳಬೇಕು. ಈ ಆಲ್ಬಮ್ಮಿನ ವಿಷಾದವನ್ನು ಬರೀ ಸಾಹಿತ್ಯದಲ್ಲಿ ಹುಡುಕುವವರು ಇಲ್ಲಿ ಕಿವಿ ಕೊಡಬೇಕು.

ಸಾಮಾನ್ಯ ಶ್ರುತಿಯಿಂದ ಇಲ್ಲಿಗೆ ಬರಲು ಆರನೇ ತಂತಿ ನಾಲ್ಕು ಅರೆಸ್ವರ (ಒಂದು ಫ್ರೆಟ್ಟಿನ ಅಂತರ ಒಂದು ಅರೆಸ್ವರ) ಇಳಿಯಬೇಕು. ಐದು, ನಾಲ್ಕು, ಮೂರನೆಯವು ಎರಡೆರಡು ಇಳಿಯಬೇಕು. ಎರಡನೆಯದು ಒಂದು ಅರೆಸ್ವರ ಏರಬೇಕು, ಮೊದಲನೆಯದು ಇದ್ದಲ್ಲೇ ಇರಲಿ. ಇಳಿಸುವುದನ್ನು ಮೊದಲು ಮುಗಿಸಿ, ಏರಿಸುವುದನ್ನು ಕೊನೆಗೆ ಮಾಡಿ. ಪ್ರತಿ ತಂತಿಯನ್ನೂ ಬೇಕಾದ್ದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಆಮೇಲೆ ಮೇಲಕ್ಕೆ ತಿರುಗಿಸಿ ನಿಲ್ಲಿಸಿ. ಇಲ್ಲದಿದ್ದರೆ ಬಿರಡೆಯಲ್ಲಿ ಉಳಿದ ಸಡಿಲ ನುಡಿಸುವಾಗ ಜಾರುತ್ತದೆ. ಒಟ್ಟು ಬಿಗಿ ಕಡಿಮೆಯಾದ್ದರಿಂದ ಮೊದಲು ಕೂಡಿಸಿದ ತಂತಿಗಳೂ ಕದಲಿರುತ್ತವೆ, ಎರಡನೇ ಸುತ್ತು ಬೇಕೇ ಬೇಕು.

ಕೈಕೊಡುವುದು ಹೆಚ್ಚಾಗಿ ಆರನೇ ತಂತಿಯೇ. 12–53ರ ಸೆಟ್ಟಿನಲ್ಲಿ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದಂಶಗಳಲ್ಲಿ) ಅದು ಜೋಲಾಗಿ ಫ್ರೆಟ್ಟಿಗೆ ಬಡಿದು ಗುಂಯ್ ಅನ್ನುತ್ತದೆ. ಜೋರಾಗಿ ಮೀಟಿದರೆ ಮೊದಲು ಸ್ವರ ಏರಿ ಆಮೇಲೆ ಇಳಿಯುವುದರಿಂದ ಟ್ಯೂನರ್ ಮುಳ್ಳು ನಿಲ್ಲುವುದೇ ಇಲ್ಲ. ಮೆಲ್ಲಗೆ ಮೀಟಿ ಕೂಡಿಸಬೇಕು. 13–56ರ ಸೆಟ್ ಹಾಕಿದರೆ ಈ ತೊಂದರೆ ಬಹುಪಾಲು ತಗ್ಗುತ್ತದೆ, ಆದರೆ ದಪ್ಪ ತಂತಿ ನಟ್ಟಿನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಂಡು ಟಿಕ್ ಎಂದು ಹಾರಬಹುದು. ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿದರೆ ಸರಿಹೋಗುತ್ತದೆ. ಕೇಪೋ ತೀರಾ ಬಿಗಿಯಾದರೆ ಸಡಿಲ ತಂತಿಯ ಸ್ವರ ಮೇಲಕ್ಕೇರುತ್ತದೆ. ಫ್ರೆಟ್ಟಿನ ಬೆನ್ನಿಗೇ ತಾಗಿಸಿ, ಹಗುರವಾಗಿ ಹಾಕಿ, ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಿ.

ಮೊದಲ ಬದಿಯ ಆಲಿಕೆಯಲ್ಲಿ ಗುರುತಿಸಿದ್ದು: ಶೀರ್ಷಿಕೆ ಹಾಡಿನ ನಡುವೆ ಕೆಲವೇ ಸ್ವರಗಳ ಪಿಯಾನೋ ಬರುತ್ತದೆ. ಇಡೀ ಆಲ್ಬಮ್ಮಿನಲ್ಲಿ ಗಿಟಾರ್ ಮೇಲೆ ಇನ್ನೊಂದು ವಾದ್ಯ ಸೇರಿಸಿದ್ದು ಅಲ್ಲೊಂದೇ ಕಡೆ. ‘ಹಾರ್ನ್’ ಮಾತಿಲ್ಲದ, ಒಂದೂವರೆ ನಿಮಿಷಕ್ಕೂ ಕಮ್ಮಿಯ ತುಣುಕು. ಕೆಳಗಿನ ಸ್ವರ ಸಾಯುವವರೆಗೂ ಕಾಯುವ ತಾಳ್ಮೆಯನ್ನು ಅದರಿಂದಲೇ ಕಲಿಯಬೇಕು. ‘ಥಿಂಗ್ಸ್ ಬಿಹೈಂಡ್ ದಿ ಸನ್’ ಎಲ್ಲಕ್ಕಿಂತ ಉದ್ದ, ಸುಮಾರು ನಾಲ್ಕು ನಿಮಿಷ. ಬಲಗೈ ಎಲ್ಲೂ ತಡವರಿಸುವುದಿಲ್ಲ. ಇದನ್ನು ಕುಸಿದುಬಿದ್ದವನ ಆಲ್ಬಮ್ ಅನ್ನುವ ಮಾತು ಬಹಳ ಚಾಲ್ತಿಯಲ್ಲಿದೆ. ಆ ಬೆರಳುಗಳನ್ನು ಕೇಳಿದ ಮೇಲೆ ಒಪ್ಪುವುದು ಕಷ್ಟ. ಮನಸ್ಸು ಹೇಗಿತ್ತೋ, ಕೈ ಮಾತ್ರ ಪೂರ್ತಿ ಹತೋಟಿಯಲ್ಲಿತ್ತು.

‘ನೋ’ ಒಂದೇ ವರಸೆಯ ಸುತ್ತು. ಸಾಹಿತ್ಯ ನಾಲ್ಕೇ ಸಾಲು, ಉಳಿದದ್ದು ಗುನುಗು. ಸುಲಭ ಎನಿಸಿ ವೇಗ ಏರುತ್ತದೆ, ಲಯ ಹಿಡಿದುಕೊಡುವ ಮೆಟ್ರೊನೋಮ್ ಇಟ್ಟುಕೊಳ್ಳಿ.

ಬಾಕಿ ಉಳಿದದ್ದರಲ್ಲಿ ಮುಖ್ಯವಾದದ್ದು ಕೊನೆಯ ‘ಫ್ರಮ್ ದಿ ಮಾರ್ನಿಂಗ್’. ಬೆಳಗಿನ ಹಾಡು ಅದು. ಟ್ಯಾನ್‌ವರ್ತ್-ಇನ್-ಆರ್ಡನ್‌ನಲ್ಲಿರುವ ಅವನ ಸಮಾಧಿಯ ಕಲ್ಲಿನ ಮೇಲೆ ಅದರದೇ ಸಾಲು ಕೆತ್ತಲಾಗಿದೆ. ಶ್ರುತಿ ಬೇರೆಯಾದ್ದರಿಂದ ಗಿಟಾರನ್ನು ಮತ್ತೆ ಬಿಚ್ಚಿ ಕೂಡಿಸಬೇಕು. ಅದಕ್ಕೂ ಮೊದಲು ಅದೇ ಬದಿಯ ‘ಪ್ಯಾರಸೈಟ್’ ಮುಗಿಸಿಕೊಳ್ಳುವುದು.